ಯಾರಾಪಿನ್ನಾದ ಹಸಿರು ಹುಲ್ಲು

ಯಾರಾಪಿನ್ನಾ, ದಕ್ಷಿಣ ಆಸ್ಟ್ರೇಲಿಯ
6 ಫೆಬ್ರವರಿ 1955

ಲಿಂಡ್ಸೆ,

ಬದುಕಿದ್ದೇನೆ. ಮೂರು ವಾರದಿಂದ ತಂಗಿಯ ಕಾಗದವಿಲ್ಲ ಎಂದು ನೀನು ಲಂಡನ್ನಿನಲ್ಲಿ ಮುಖ ಊದಿಸಿಕೊಂಡು ಕೂತಿರುತ್ತೀಯ, ಗೊತ್ತು. ಇಲ್ಲಿ ಬರೆಯಲು ಕೂತರೆ ಶಾಯಿಗಿಂತ ಮೊದಲು ಬೆವರು ಇಳಿಯುತ್ತದೆ. ನೊಣಗಳ ವಿಚಾರ ನಿನಗೆ ಹೇಳಬೇಕಾಗಿಲ್ಲ. ಏಳು ವರ್ಷ ಲಂಡನ್ನಿನಲ್ಲಿದ್ದರೂ ಅವನ್ನು ಮರೆತಿರಲಾರೆ.

ಚಿತ್ರೀಕರಣ ಶುರುವಾಗಿ ಹತ್ತು ದಿನವಾಯಿತು. ಗಂಡ ಸತ್ತ ಮೇಲೆ ಎರಡು ಸಾವಿರ ಕುರಿಗಳನ್ನು ತಾನೇ ಹೊಡೆದುಕೊಂಡು ನಾನೂರು ಮೈಲಿ ನಡೆಯುವ ಹೆಂಗಸಿನ ಕಥೆ. ನಮ್ಮ ದೇಶದ ಕಥೆ ಎಂದು ಅಡಿಲೇಡಿನ ಪತ್ರಿಕೆಗಳೆಲ್ಲ ಎದೆಯುಬ್ಬಿಸಿ ಬರೆದವು. ಹಣ ಲಂಡನ್ನಿನದು, ನಾಯಕಿ ಯಾರ್ಕ್‌ಷೈರಿನವಳು, ನಿರ್ದೇಶಕ ಬುಡಾಪೆಸ್ಟಿನವನು. ನಮ್ಮದು ಅನ್ನುವುದು ಕುರಿ, ನೊಣ ಮತ್ತು ಆಲ್ಫ್ ಪೆನ್‌ಗಿಲ್ಲಿ.

ಹೌದು, ನಮ್ಮಿಬ್ಬರಿಗೂ ಕೆಲಸ ಕಲಿಸಿದ ನಮ್ಮ ಆಲ್ಫೇ ಛಾಯಾಗ್ರಾಹಕ. ನಿನಗೆ ಆಗಲೇ ಸುದ್ದಿ ಮುಟ್ಟಿರಬಹುದು. ಮೂವತ್ತು ವರ್ಷ ವಾರ್ತಾಚಿತ್ರ ತೆಗೆದ ಮನುಷ್ಯ. ರಿಬ್ಬನ್ ಕತ್ತರಿಸುವ ಮಂತ್ರಿಗಳು, ಕುದುರೆ ಜೂಜು, ಪ್ರವಾಹ, ಮತ್ತೆ ರಿಬ್ಬನ್ನು. ಅರವತ್ತೊಂದನೆಯ ವಯಸ್ಸಿನಲ್ಲಿ ಮೊದಲ ಕಥಾಚಿತ್ರ, ಅದೂ ಬಣ್ಣದ್ದು. ಅಡಿಲೇಡಿನ ನಿಲ್ದಾಣದಲ್ಲಿ ಎನಿಡ್ ಗಂಡನನ್ನು ರೈಲು ಹತ್ತಿಸಲು ಬಂದವಳು ನನ್ನ ತೋಳು ಹಿಡಿದು, "ಇದು ಕೈತಪ್ಪಿದ್ರೆ ಅವ್ರು ಇನ್ಯಾವತ್ತೂ ಕ್ಯಾಮೆರಾ ಮುಟ್ಟೋದಿಲ್ಲ ಕಣೇ ಏವಿಸ್, ಸ್ವಲ್ಪ ನೋಡ್ಕೋ" ಅಂದಳು. ನಾನೇನು ನೋಡಿಕೊಳ್ಳಲಿ? ನನ್ನ ಕೆಲಸ ಯಾರ ಟೋಪಿ ಯಾವ ಕಡೆ ವಾಲಿತ್ತು, ಯಾವ ಶಾಟಿನಲ್ಲಿ ಯಾರ ಕೈಯಲ್ಲಿ ಲೋಟವಿತ್ತು ಎಂದು ಬರೆದಿಡುವುದು. ಚಿತ್ರದ ಕಾಗದಪತ್ರವೆಲ್ಲ ನನ್ನ ಪೆಟ್ಟಿಗೆಯಲ್ಲಿ.

ನಿರ್ದೇಶಕರ ಹೆಸರು ಟಿಬೋರ್ ಹಲ್ಮೋಷ್. ಎರಡನೆಯ ದಿನಕ್ಕೇ ಊರಿನವರು ಅವರನ್ನು 'ಟಿಬ್' ಮಾಡಿದರು. ಹಾಗೆ ಕರೆದಾಗಲೆಲ್ಲ ಅವರು ತಲೆ ಬಗ್ಗಿಸಿ ನಮಸ್ಕರಿಸುತ್ತಾರೆ, ಪಾಪ, ಗೌರವ ಎಂದುಕೊಂಡಿದ್ದಾರೆ. ಅವರಿಗೂ ಆಲ್ಫ್‌ಗೂ ಮೊದಲ ದಿನವೇ ಜಗಳ. ಟಿಬ್ ಮಧ್ಯಾಹ್ನ ಹನ್ನೆರಡಕ್ಕೆ ಕ್ಯಾಮೆರಾ ಇಡಿ ಅಂದರು. ಹತ್ತರಿಂದ ಮೂರರವರೆಗೆ ಈ ದೇಶದಲ್ಲಿ ಬುದ್ಧಿ ಇರುವವರು ಕ್ಯಾಮೆರಾ ತೆಗೆಯುವುದಿಲ್ಲ ಎಂದು ಆಲ್ಫ್ ವಾದಿಸಿದ. ಕೊನೆಗೆ, ಬಿಸಿಲು ಮೆತ್ತಗಾಗಲು ಕ್ಯಾಮೆರಾದ ಮುಂದೆ ಬಣ್ಣದ ಗಾಜಿನ ಒಂದು ಫಿಲ್ಟರಾದರೂ ಹಾಕುತ್ತೇನೆ, ಒಂದು ಮರವಾದರೂ ಚೌಕಟ್ಟಿಗೆ ಸೇರಿಸುತ್ತೇನೆ ಎಂದು ಕೇಳಿದ.

"ಮರ ಬೇಡ. ಫಿಲ್ಟರ್ ಬೇಡ" ಅಂದರು ಟಿಬ್. "ಹಂಗೇರಿಯಲ್ಲಿ ನಾನೂ ಹುಟ್ಟಿದ್ದು ಬಯಲುಸೀಮೆಯಲ್ಲೇ. ನೀವೆಲ್ಲ ಯಾಕೆ ನಿಮ್ಮ ಆಕಾಶಾನ ಬಚ್ಚಿಡ್ತೀರಿ? ಹುಲ್ಲು ಒಣಗಿದೆ, ಒಣಗಿರೋ ಹಾಗೇ ತೆಗೀರಿ. ಅದಕ್ಕೇ ಬಂದಿದ್ದು ನಾನು."

ಆಲ್ಫ್ ಎರಡು ದಿನ ಗೊಣಗಿದ. ಮೂರನೆಯ ದಿನ ಫಿಲ್ಟರ್ ಡಬ್ಬಿಯನ್ನು ಲಾರಿಯಲ್ಲೇ ಬಿಟ್ಟು ಬಂದ. ಸಂಜೆ ನನ್ನ ಹತ್ತಿರ ಕೂತು, "ಏವಿಸ್, ಆ ವಯ್ಯ ಹೇಳೋದು ಸರಿ ಇರ್ಬೋದು. ಮೂವತ್ತು ವರ್ಷದಲ್ಲಿ ನನಗೆ ಯಾರೂ ಹಾಗೆ ಹೇಳ್ಲಿಲ್ಲ" ಅಂದ. ಅಷ್ಟು ಹೇಳುವುದೇ ಆಲ್ಫ್‌ಗೆ ಭಾಷಣ.

ಮೊದಲ ಡಬ್ಬಿಗಳು ಗುರುವಾರದ ರೈಲಿಗೆ ಹೋದವು. ಲಂಡನ್ನಿನ ಲ್ಯಾಬಿನಲ್ಲಿ ತೊಳೆದು ಪ್ರಿಂಟ್ ಹಾಕಿದ ಮೇಲೆ ನಿಮ್ಮ ಎಡಿಟಿಂಗ್ ಕೋಣೆಗೆ ಬರುತ್ತವೆ. ನಾವು ತೆಗೆದದ್ದನ್ನು ನಮಗಿಂತ ಮೊದಲು ನೀನು ನೋಡುತ್ತೀಯ, ಅದೃಷ್ಟವಂತ. ಹೇಗಿದೆ ಎಂದು ನಿಜ ಬರೆ.

ಏವಿಸ್

*

ಲಂಡನ್
12 ಫೆಬ್ರವರಿ 1955

ಪ್ರಿಯ ಏವಿಸ್,

ನೋಡಿದೆ. ಎಲ್ಲರಿಗೂ ಸಂತೋಷ. ಕುರಿಗಳ ಹಿಂಡು ಗುಡ್ಡದ ಬುಡದಲ್ಲಿ ತಿರುಗುವ ಶಾಟಿಗೆ ನಮ್ಮ ಎಡಿಟರಮ್ಮ ಸಿಗರೇಟು ಹಚ್ಚುವುದನ್ನೇ ಮರೆತಳು. ಅವಳ ವಿಷಯದಲ್ಲಿ ಅದು ದೊಡ್ಡ ಬಹುಮಾನ. ಆಲ್ಫ್‌ಗೆ ಹೇಳು.

ನಿರ್ಮಾಪಕ ಆಶ್‌ಕೋಮ್ ಸಾಹೇಬರೂ ಬಂದಿದ್ದರು. ಮೊದಲು ತೊಳೆದು ಬಂದ ತುಣುಕನ್ನು ನೋಡಿ, ಹಿಂದೆ ಕೂತಿದ್ದ ನನ್ನ ಕಡೆ ತಿರುಗಿ, "ಏನಪ್ಪ, ಬರಗಾಲವೇನು ಅಲ್ಲಿ? ನಿಜವಾಗ್ಲೂ ನೀವೆಲ್ಲ ಇಂಥ ಜಾಗದಲ್ಲಿ ಬೆಳೆದ್ರಾ?" ಅಂದರು. ಕೋಣೆಯೆಲ್ಲ ನಕ್ಕಿತು. ನಾನೂ ನಕ್ಕೆ. ತಮಾಷೆಯ ಮನುಷ್ಯ.

ಇಲ್ಲಿ ನಾನೀಗ ಒಂದು ರೀತಿಯ ತಜ್ಞ, ನಗಬೇಡ. ಯೂಕಲಿಪ್ಟಸ್ ಎಲೆ ಹೇಗಿರುತ್ತದೆ, ಕುರಿ ಕತ್ತರಿಸುವವರು ಯಾವ ಅಂಗಿ ಹಾಕುತ್ತಾರೆ, ಎಲ್ಲಕ್ಕೂ ನನ್ನನ್ನೇ ಕೇಳುತ್ತಾರೆ. ಲ್ಯಾಬಿನವರು ಕೂಡ. ಫಿಲ್ಮು ಅಂಟಿಸುವವನಾಗಿ ಬಂದವನನ್ನು ಸಹಾಯಕನೆಂದು ಮೇಜಿನ ಪಕ್ಕ ಕೂರಿಸಿಕೊಂಡಿದ್ದಾರೆ. ಆಲ್ಫ್ ಬರೆದುಕೊಟ್ಟ ಆ ಶಿಫಾರಸು ಕಾಗದ ಇಲ್ಲದಿದ್ದರೆ ಇದ್ಯಾವುದೂ ಇಲ್ಲ, ಅದು ನನಗೆ ನೆನಪಿದೆ.

ಪ್ರಿಂಟ್ ಈವತ್ತಿನ ವಿಮಾನಕ್ಕೆ ಹೊರಡುತ್ತಿದೆ. ನಿಮಗೆ ಬಣ್ಣದ್ದು ಇದೊಂದೇ. ಉಳಿತಾಯಕ್ಕಾಗಿ ಮುಂದಿನದೆಲ್ಲ ಕಪ್ಪುಬಿಳುಪಿನಲ್ಲೇ ಕಳಿಸುತ್ತಾರೆ, ಬಣ್ಣ ಕೊನೆಗೆ. ಆದ್ದರಿಂದ ಇದನ್ನು ಊರಿಗೆಲ್ಲ ತೋರಿಸಿ ಖುಷಿಪಡಿ.

ಇಲ್ಲಿ ಮಂಜು ಕರಗಿ ರಸ್ತೆಯೆಲ್ಲ ಕೊಚ್ಚೆ.

ನಿನ್ನ ಲಿಂಡ್ಸೆ

*

ಯಾರಾಪಿನ್ನಾ
27 ಫೆಬ್ರವರಿ 1955

ಲಿಂಡ್ಸೆ,

ಊರಿಗೆಲ್ಲ ತೋರಿಸಿದೆವು.

ಕಳೆದ ಭಾನುವಾರ ಮಧ್ಯಾಹ್ನ ಊರಿನ ಸಭಾಭವನದ ಕಿಟಕಿಗಳಿಗೆ ಕಂಬಳಿ ಹೊಡೆದು ಕತ್ತಲೆ ಮಾಡಿದೆವು. ಒಳಗೆ ರೊಟ್ಟಿ ಬೇಯಿಸಬಹುದಾದಷ್ಟು ಸೆಕೆ. ಆದರೂ ಒಬ್ಬರೂ ಮನೆಯಲ್ಲಿ ಉಳಿಯಲಿಲ್ಲ. ಕುರಿ ಕತ್ತರಿಸುವವರು ಸ್ನಾನ ಮಾಡಿ, ಕೂದಲಿಗೆ ಎಣ್ಣೆ ಹಚ್ಚಿ ಬಂದಿದ್ದರು. ಆಲ್ಫ್ ಟೈ ಕಟ್ಟಿದ್ದ. ಅವನ ಹತ್ತಿರ ಟೈ ಇದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಚಿತ್ರ ಬಂತು. ಹುಲ್ಲು ಹಸಿರು.

ಅರೆಬರೆ ಹಸಿರಲ್ಲ ಲಿಂಡ್ಸೆ, ಸೊಂಪಾದ ಹಸಿರು. ಆಕಾಶ ಮೆತ್ತಗೆ, ತಂಪಾಗಿ, ಮಳೆ ನಿಂತ ಮೇಲಿನ ಇಂಗ್ಲೆಂಡ್. ನಾಯಕಿಯ ಮುಖಕ್ಕೂ ಒಂದಿಷ್ಟು ಹಸಿರು ಬಡಿದು, ಹಡಗಿನಲ್ಲಿ ವಾಂತಿ ಮಾಡಿಕೊಂಡವಳ ಹಾಗೆ ಕಾಣುತ್ತಿದ್ದಳು. ಆಮೇಲೆ ಹಿಂದಿನ ಬೆಂಚಿನಿಂದ ಒಬ್ಬ, "ಏ ಆಲ್ಫ್, ಆ ಹೊಲ ಎಲ್ಲಿದೆ ಹೇಳಪ್ಪ, ನಾಳೇನೇ ನನ್ನ ಕುರಿ ಹೊಡ್ಕೊಂಡು ಹೋಗ್ತೀನಿ" ಅಂದ. ಇನ್ನೊಬ್ಬ, "ನನ್ನ ಹೆಂಡ್ತಿಗೆ ಹೇಳ್ಬೇಡ್ರೋ, ಇಷ್ಟು ವರ್ಷ ಇಂಥಾ ಊರಲ್ಲಿದ್ದೂ ಒಂದು ಹೂದೋಟ ಮಾಡ್ಕೊಡ್ಲಿಲ್ಲ ಅಂತ ಜಗಳಕ್ಕೆ ನಿಲ್ತಾಳೆ" ಅಂದ. ಜನರೆಲ್ಲ ಬಿದ್ದು ಬಿದ್ದು ನಕ್ಕರು. ಆಲ್ಫ್ ಒಬ್ಬನೇ ಟೈ ಸಡಿಲಿಸುತ್ತಾ ಕೂತಿದ್ದ.

ಟಿಬ್ ಹೊರಗೆ ಬಂದು ಆಲ್ಫ್‌ನ ಎದುರು ನಿಂತರು. ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು.

"ಫಿಲ್ಟರ್ ಬೇಡ ಅಂದಿದ್ದೆ."

"ಹಾಕಿಲ್ಲ."

"ಹಾಗಾದ್ರೆ ಇದೇನು?"

"ಗೊತ್ತಿಲ್ಲ."

"ಮೊದಲ ದಿನವೇ ನೀವು ಇದನ್ನೇ ಕೇಳಿದ್ರಿ ಮಿಸ್ಟರ್ ಪೆನ್‌ಗಿಲ್ಲಿ. ನಾನು ಬೇಡ ಅಂದೆ. ನೀವು ನನ್ನ ಬೆನ್ನ ಹಿಂದೆ ಮಾಡಿದ್ರಿ."

ಆಲ್ಫ್ ಮತ್ತೆ, "ಹಾಕಿಲ್ಲ" ಅಂದ, ಅಷ್ಟೇ. ಅವನ ಜಾತಕವೇ ಅದು. ಇನ್ನೊಬ್ಬನಾಗಿದ್ದರೆ ಫಿಲ್ಟರ್ ಡಬ್ಬಿ ತಂದು ಮೇಲಿನ ಧೂಳು ತೋರಿಸುತ್ತಿದ್ದ, ನನ್ನನ್ನು ಸಾಕ್ಷಿಗೆ ಕರೆಯುತ್ತಿದ್ದ. ನಾನಾಗಿಯೇ ಹೇಳಿದೆ, ಡಬ್ಬಿ ಲಾರಿಯಲ್ಲಿತ್ತು ಎಂದು. ನೀವು ಅವನ ಶಿಷ್ಯೆ, ಹೇಳಲೇಬೇಕು ಅಂದರು ಟಿಬ್.

ಆದರೂ ನ್ಯಾಯಸ್ಥ. ಮರುದಿನವೇ ಲಂಡನ್ನಿಗೆ ತಂತಿ ಕಳಿಸಿದರು, ಲ್ಯಾಬಿನಲ್ಲಿ ಬಣ್ಣ ಬದಲಾಯಿಸಿದ್ದೀರಾ ಎಂದು. ನಿಮ್ಮ ಎಡಿಟಿಂಗ್ ಕೋಣೆಯಿಂದ ಉತ್ತರ ಬಂತು: ಏನೂ ಬದಲಾಯಿಸಿಲ್ಲ, ಬಂದ ಹಾಗೇ ಪ್ರಿಂಟ್ ಹಾಕಿದೆ. ಮುಗಿಯಿತು. ಲಂಡನ್ನಿನಿಂದ ಬೇರೆ ಛಾಯಾಗ್ರಾಹಕ ಬರುತ್ತಾನೆ. ಅವನು ಅಲ್ಲಿ ಈಗ ಹಿಡಿದಿರುವ ಚಿತ್ರ ಮುಗಿಸಿ ಮಾರ್ಚ್ 24ರ ವಿಮಾನ ಹತ್ತುತ್ತಾನೆ. ಅಲ್ಲಿಯವರೆಗೆ ಆಲ್ಫ್ ನಡೆಸಬೇಕು. ಮುಂದೆ ಬರುವ ಪ್ರಿಂಟೆಲ್ಲ ಕಪ್ಪುಬಿಳುಪು, ಆದ್ದರಿಂದ ತಾನು ಸುಳ್ಳು ಹೇಳಿಲ್ಲ ಎಂದು ತೋರಿಸಲು ಅವನಿಗೆ ದಾರಿಯೂ ಇಲ್ಲ. 'ನಿರ್ದೇಶಕನಿಗೆ ಮೋಸ ಮಾಡಿದವನು' ಎನ್ನುವ ಮಾತು ಅವನಿಗಿಂತ ಮೊದಲು ಅಡಿಲೇಡು ಮುಟ್ಟುತ್ತದೆ. ಆಮೇಲೆ ರಿಬ್ಬನ್ ಕತ್ತರಿಸುವುದಕ್ಕೂ ಕರೆಯುವುದಿಲ್ಲ.

ನೀನು ಅಲ್ಲೇ ಕೂತಿದ್ದೀಯ. ಬಣ್ಣದ ವಿಚಾರವಾಗಿ ಏನಾದರೂ ಕಿವಿಗೆ ಬಿತ್ತಾ? ಯಾರಾದರೂ ಏನಾದರೂ ಹೇಳಿದರಾ? ಎಷ್ಟೇ ಸಣ್ಣದಿರಲಿ, ಬರೆ. ಯಾರ ಮೇಲೂ ಯಾರೂ ಕೋಪ ಮಾಡಿಕೊಳ್ಳುವುದಿಲ್ಲ. ಬೇಗ ಬರೆ.

ಏವಿಸ್

*

ಲಂಡನ್
7 ಮಾರ್ಚ್ 1955

ಪ್ರಿಯ ಏವಿಸ್,

ನಿನ್ನ ಕಾಗದ ಶನಿವಾರ ತಲುಪಿತು. ತುಂಬ ಬೇಸರವಾಯಿತು. ಆ ಭಾನುವಾರದ್ದನ್ನು ನೀನು ಬರೆದ ರೀತಿಗೆ ನಗುವೂ ಬಂತು, ಏನು ಮಾಡಲಿ.

ಇಲ್ಲಿ ವಿಶೇಷ ಏನೂ ಕೇಳಿಲ್ಲ. ಲ್ಯಾಬಿನವರು ದಿನಕ್ಕೆ ನೂರಾರು ರೀಲು ನೋಡುವವರು, ಯಾವ ಊರಿನ ಹುಲ್ಲು ಯಾವ ಬಣ್ಣ ಎಂದು ಅವರಿಗೇನು. ತಂತಿಗೆ ಉತ್ತರ ಕಚೇರಿಯಿಂದ ಹೋಗಿರಬೇಕು. ಒಂದು ಮಾತು ಹೇಳಿದರೆ ಸಿಟ್ಟಾಗಬೇಡ. ಆಲ್ಫ್‌ಗೆ ವಯಸ್ಸಾಯಿತು. ಕೈಗೆ ಮೂವತ್ತು ವರ್ಷದ ಅಭ್ಯಾಸ. ಫಿಲ್ಟರ್ ಹಾಕಿದ್ದು ಅವನಿಗೇ ನೆನಪಿಲ್ಲದಿರಬಹುದು. ಬೇಕೆಂದು ಮಾಡಿದ ಎಂದು ನಾನು ಹೇಳುತ್ತಿಲ್ಲ.

ಇಷ್ಟಕ್ಕೂ ಹಸಿರು ಅಂಥ ದೊಡ್ಡ ಅಪರಾಧವೇನಲ್ಲ. ಆಶ್‌ಕೋಮ್ ಸಾಹೇಬರಿಗೆ ಇಷ್ಟವೇ ಆಯಿತು. "ಈಗ ಒಂದು ದೇಶದ ಹಾಗೆ ಕಾಣ್ತಿದೆ" ಅಂದರು. ಎಲ್ಲರ ಎದುರು ನನ್ನ ಬೆನ್ನು ತಟ್ಟಿದರು.

ಮುಂದಿನ ತಿಂಗಳಿನಿಂದ ನನಗೆ ಒಂದು ರೀಲು ಸ್ವಂತವಾಗಿ ಕೂಡಿಸಲು ಕೊಡುತ್ತಾರಂತೆ. ಏಳು ವರ್ಷ ಕಾದದ್ದಕ್ಕೆ ಇದೇ ಮೊದಲನೆಯದು. ಇದನ್ನು ನಿನಗಲ್ಲದೆ ಯಾರಿಗೂ ಹೇಳಿಲ್ಲ. ಚಳಿ ಕಡಿಮೆಯಾಗಿದೆ. ನಿದ್ದೆ ಯಾಕೋ ಸರಿಯಾಗಿ ಬರುತ್ತಿಲ್ಲ, ಪಕ್ಕದ ಕೋಣೆಯವನಿಗೆ ಕೆಮ್ಮು.

ಆಲ್ಫ್ ಹೇಗಿದ್ದಾನೆ?

ಲಿಂಡ್ಸೆ

*

ಯಾರಾಪಿನ್ನಾ
15 ಮಾರ್ಚ್ 1955

ಲಿಂಡ್ಸೆ,

ಆಲ್ಫ್ ಹೇಗಿದ್ದಾನೆ ಎಂದು ಕೇಳಿದ್ದೀಯ, ಹೇಳುತ್ತೇನೆ.

ಪೆಟ್ಟಿಗೆ ಕಟ್ಟಿಟ್ಟಿದ್ದಾನೆ. ದಿನಾ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಬೆಳಕು ಅಳೆಯುತ್ತಾನೆ. ಹನ್ನೆರಡಕ್ಕೆ ಕ್ಯಾಮೆರಾ ಇಡುತ್ತಾನೆ. ಫಿಲ್ಟರ್ ಡಬ್ಬಿಯನ್ನು ಟಿಬ್ ತಮ್ಮ ಕೋಣೆಯಲ್ಲಿಟ್ಟು ಬೀಗ ಹಾಕಿದ್ದಾರೆ, ಕಳ್ಳನ ಕೈಯಿಂದ ಕಸಿದುಕೊಂಡ ಹಾಗೆ. ಮೊನ್ನೆ ಹೋಟೆಲಿನಲ್ಲಿ ಯಾರೋ, "ಏನಪ್ಪಾ ಆಲ್ಫ್, ಈವತ್ತು ಯಾವ ಬಣ್ಣ ಹೊಡೀತೀಯ?" ಅಂದರು. ಅವನು ಅರ್ಧ ಕುಡಿದ ಬಿಯರನ್ನು ಬಿಟ್ಟು ಎದ್ದು ಹೋದ. ಆಲ್ಫ್ ಬಿಯರ್ ಬಿಟ್ಟು ಹೋದದ್ದನ್ನು ಈ ಜನ್ಮದಲ್ಲಿ ಯಾರಾದರೂ ನೋಡಿದ್ದಾರಾ?

ನಿನ್ನ ಕಾಗದ ಬಂತು ಎಂದು ಅವನಿಗೆ ಹೇಳಿದೆ. ನೀನು ಸ್ವಂತವಾಗಿ ಒಂದು ರೀಲು ಕೂಡಿಸುತ್ತೀಯ ಎಂದು ಹೇಳಿದೆ. ಯಾರಿಗೂ ಹೇಳಿಲ್ಲ ಎಂದು ನೀನು ಬರೆದಿದ್ದೆ, ಆದರೂ ನಾನು ಹೇಳಿದೆ. ಅವನ ಮುಖ ಒಂದು ತಿಂಗಳಲ್ಲಿ ಮೊದಲ ಸಲ ಅರಳಿತು. "ಆ ಹುಡುಗ ಕೈಯಲ್ಲಿ ಫಿಲ್ಮ್ ಹಿಡಿದ ದಿನಾನೇ ಗೊತ್ತಿತ್ತು ನನಗೆ. ನನ್ನ ಕಡೆಯಿಂದ ಶಾಭಾಸ್ ಅಂತ ಬರಿ" ಅಂದ. ಬರೆದಿದ್ದೇನೆ.

ಇದರ ಜೊತೆ ಒಂದು ಹಿಡಿ ಹುಲ್ಲು ಇಟ್ಟಿದ್ದೇನೆ. ನಿನ್ನೆ ಮಧ್ಯಾಹ್ನ ಕ್ಯಾಮೆರಾ ಇಟ್ಟ ಜಾಗದ್ದೇ. ಬುರ್ರಾದಲ್ಲಿ ನಮ್ಮ ಮನೆಯ ಹಿಂದೆ ಇದೇ ಹುಲ್ಲು ಇತ್ತು. ಅಮ್ಮ ಬಟ್ಟೆ ಒಣಹಾಕುವಾಗ ನೀನು ಅದರಲ್ಲಿ ಮಲಗಿರುತ್ತಿದ್ದೆ, ಅಂಗಿಯೆಲ್ಲ ಮುಳ್ಳು. ಯಾರಿಗೆ ನೋಡಬೇಕೋ ಅವರು ನೋಡಲಿ.

24ನೇ ತಾರೀಕು ಗುರುವಾರ.

ಏವಿಸ್

*

ತಂತಿ
ಲಂಡನ್, 22 ಮಾರ್ಚ್ 1955

ಹಲ್ಮೋಷ್, ಯಾರಾಪಿನ್ನಾ.
ಹಸಿರು ಮಾಡಿದ್ದು ಲ್ಯಾಬ್. ಹೇಳಿ ಮಾಡಿಸಿದ್ದು ನಾನು. ಹಿಂದಿನ ತಂತಿ ಸುಳ್ಳು, ಬರೆದವನೂ ನಾನೇ. ಪೆನ್‌ಗಿಲ್ಲಿ ತಪ್ಪಿಲ್ಲ. ಸರಿಯಾದ ಪ್ರಿಂಟ್ ಬರುತ್ತಿದೆ. ದಯವಿಟ್ಟು ಅವರನ್ನು ಕಳಿಸಬೇಡಿ.
ಲಿಂಡ್ಸೆ ಟ್ರೆಥೆವಿ

*

ಲಂಡನ್
23 ಮಾರ್ಚ್ 1955

ಏವಿಸ್,

ತಂತಿ ಸಿಕ್ಕಿರಬೇಕು. ನೀನು ನನ್ನ ಮೇಲೆ ಉಗಿದಾದ ಮೇಲೆ ಇದನ್ನು ಓದು.

ಆವತ್ತು ಆಶ್‌ಕೋಮ್ ಬರಗಾಲವೇ ಎಂದು ಕೇಳಿದಾಗ ನಾನು ನಕ್ಕೆ ಎಂದು ಬರೆದಿದ್ದೆನಲ್ಲ. ನಕ್ಕದ್ದು ನಿಜ. ಆದರೆ ಕಿವಿ ಬಿಸಿಯಾಗಿತ್ತು. ತೆರೆಯ ಮೇಲೆ ಆ ಬಿಳಿಯ ಆಕಾಶ, ಸುಟ್ಟ ಬಯಲು, ಅದರ ನಡುವೆ ಒಂದು ತಗಡಿನ ಗುಡಿಸಲು. ಏಳು ವರ್ಷದಿಂದ ಇವರ ಜೊತೆ ಇವರ ಹಾಗೆ ಮಾತಾಡಲು ಕಲಿತು, ಇವರ ಹಾಗೆ ಕೊಡೆ ಹಿಡಿದು ನಡೆದವನ ಬಡಮನೆಯನ್ನು ಯಾರೋ ಬಾಗಿಲು ತೆರೆದು ಎಲ್ಲರಿಗೂ ತೋರಿಸಿದ ಹಾಗಾಯಿತು. ನಾಚಿಕೆಯಾಯಿತು ಏವಿಸ್. ಅಲ್ಲ, ಅದು ಬರಗಾಲದ ವರ್ಷವೇನೂ ಅಲ್ಲ, ನಮ್ಮೂರು ಇರುವುದೇ ಹಾಗೆ ಎಂದು ಹೇಳಲು ಬಾಯಿ ಬರಲಿಲ್ಲ.

ಮರುದಿನ ಲ್ಯಾಬಿಗೆ ಹೋದೆ. ಅಲ್ಲಿ ಬಣ್ಣ ಹೊಂದಿಸುವ ಮುದುಕ ತುಣುಕನ್ನು ದೀಪಕ್ಕೆ ಹಿಡಿದು, "ಇದು ಸರಿ ಇದೆಯಾ ತಪ್ಪಾ, ನಂಗೊತ್ತಾಗ್ತಿಲ್ಲ. ನೀನು ಆ ಕಡೆಯವನಲ್ವಾ? ಹುಲ್ಲು ಯಾವ ಬಣ್ಣ?" ಎಂದು ಕೇಳಿದ. ಹಸಿರು ಅಂದೆ. ಒಂದೇ ಮಾತು. ಆಕಾಶವನ್ನೂ ಸ್ವಲ್ಪ ತಗ್ಗಿಸಿ ಅಂದೆ. ಅವನು ಬರೆದುಕೊಂಡ.

ಇಷ್ಟೇ ಆಗಿದ್ದರೆ ದಡ್ಡತನ. ಟಿಬೋರರ ತಂತಿ ಬಂದಾಗ ಎಡಿಟರಮ್ಮ, "ಲ್ಯಾಬ್ ವಿಷಯ ನಿಂಗೊತ್ತು, ನೀನೇ ಉತ್ತರ ಬರಿ" ಎಂದು ನನ್ನ ಕೈಗೆ ಕೊಟ್ಟಳು. ಆಗ ಹೇಳಬಹುದಿತ್ತು. ಆದರೆ ಆಶ್‌ಕೋಮ್ ಬೆನ್ನು ತಟ್ಟಿ ಎರಡು ದಿನವಾಗಿತ್ತು, ರೀಲು ಕೊಡುವ ಮಾತು ನಡೆದಿತ್ತು. ಹೆಚ್ಚೆಂದರೆ ಒಂದು ಬೈಗುಳ, ಅಷ್ಟಕ್ಕೇ ಮುಗಿಯುತ್ತದೆ ಎಂದುಕೊಂಡೆ. ಆಲ್ಫ್‌ನ ತಲೆಗೆ ಬರುತ್ತದೆ ಎಂದು ಗೊತ್ತಿರಲಿಲ್ಲ. ಗೊತ್ತಾದ ಮೇಲೂ ನಿನಗೆ ಆ ಹಿಂದಿನ ಕಾಗದ ಬರೆದೆನಲ್ಲ, ಅವನಿಗೆ ಮರೆವು ಎಂದು, ಅದನ್ನು ಹರಿದುಹಾಕು.

ನಿನ್ನೆ ನಿನ್ನ ಲಕೋಟೆ ಎಡಿಟಿಂಗ್ ಮೇಜಿನ ಮೇಲೆ ಒಡೆದೆ. ಹುಲ್ಲು ಉದುರಿತು. ಎಡಿಟರಮ್ಮ ಒಂದು ಕಡ್ಡಿ ಎತ್ತಿ, "ಇದೇನು, ಒಣಗಿದೆ" ಅಂದಳು. "ಇಲ್ಲ, ಅದರ ಬಣ್ಣಾನೇ ಅದು" ಅಂದೆ. ಆಮೇಲೆ ಉಳಿದದ್ದನ್ನೂ ಹೇಳಿಬಿಟ್ಟೆ. ಶಾಭಾಸ್ ಎಂದು ಆಲ್ಫ್ ಹೇಳಿಕಳಿಸಿದ್ದನ್ನು ಓದಿದ ಮೇಲೆ ಇನ್ನು ಬಾಯಿ ಮುಚ್ಚಿಕೊಂಡು ಬದುಕಲು ನನ್ನಿಂದಾಗುತ್ತಿರಲಿಲ್ಲ.

ಅವಳು ಸಿಗರೇಟು ಮುಗಿಸಿದಳು. "ಮೊದಲು ತಂತಿ ಕಳಿಸು. ಆಮೇಲೆ ಆ ಹುಲ್ಲು ತಗೊಂಡು ಲ್ಯಾಬಿಗೆ ನಡಿ. ಉಗಿಯೋದು ನಾಳೆ ಉಗೀತೀನಿ" ಅಂದಳು. ಈವತ್ತು ಉಗಿದಳು. ರೀಲು ಹೋಯಿತು, ಮತ್ತೆ ಫಿಲ್ಮು ಅಂಟಿಸುವ ಕೋಣೆಗೆ. ಕೆಲಸದಿಂದ ತೆಗೆಯಲಿಲ್ಲ. ಆಶ್‌ಕೋಮ್‌ಗೆ ತಾನೇ ಹೇಳಿಕೊಳ್ಳುತ್ತಾಳಂತೆ.

ಲ್ಯಾಬಿನ ಮುದುಕ ಹುಲ್ಲನ್ನು ಕಿಟಕಿಗೆ ಹಿಡಿದು ಹೊಸ ಪ್ರಿಂಟ್ ಹಾಕಿದ. ಮಧ್ಯಾಹ್ನ ಅವನೂ ನಾನೂ ಇಬ್ಬರೇ ನೋಡಿದೆವು. ಆ ಬಿಸಿಲು. ಎಷ್ಟು ಚೆನ್ನಾಗಿದೆ ಏವಿಸ್, ಆಲ್ಫ್ ಎಂಥ ಕೆಲಸ ಮಾಡಿದ್ದಾನೆ. ಮುದುಕ, "ಅಯ್ಯೋ ಮಾರಾಯ, ಇದನ್ನು ನಾವು ಹಾಳು ಮಾಡಿದ್ವಾ" ಅಂದ. ನಾನು ಕತ್ತಲಲ್ಲಿ ಕೂತು ಅತ್ತೆ. ಒಂದು ತಿಂಗಳಿನಿಂದ ಎದೆಯ ಮೇಲಿದ್ದದ್ದು ಇಳಿಯಿತು. ನಿನ್ನೆ ರಾತ್ರಿ ನಿದ್ದೆಯೂ ಬಂತು. ಪಕ್ಕದ ಕೋಣೆಯವನಿಗೆ ಕೆಮ್ಮು ಎಂದಿದ್ದೆನಲ್ಲ, ಆ ಕೋಣೆ ಖಾಲಿ ಇದೆ.

ತಂತಿ ಸಮಯಕ್ಕೆ ತಲುಪಿತೇ? ಆ ಇನ್ನೊಬ್ಬ ಛಾಯಾಗ್ರಾಹಕನ ಟಿಕೆಟು ರದ್ದಾಯಿತು ಎಂದು ಇಲ್ಲಿ ಯಾರೋ ಅಂದರು. ನನಗೆ ಕೇಳಲು ಧೈರ್ಯ ಬರಲಿಲ್ಲ. ಆಲ್ಫ್‌ಗೆ ನಾನೇ ಬರೆಯಬೇಕು. ನಾಲ್ಕು ಹಾಳೆ ಹರಿದೆ.

ಲಿಂಡ್ಸೆ

*

ಯಾರಾಪಿನ್ನಾ
3 ಏಪ್ರಿಲ್ 1955

ಪ್ರಿಯ ಲಿಂಡ್ಸೆ,

ಸಮಯಕ್ಕೆ ತಲುಪಿತು. ಉಸಿರು ಬಿಡು.

ತಂತಿ ಬಂದದ್ದು ಬುಧವಾರ ಬೆಳಿಗ್ಗೆ, ನಾವೆಲ್ಲ ಹೋಟೆಲಿನಲ್ಲಿ ಕುರಿಮಾಂಸ ಮೊಟ್ಟೆ ತಿನ್ನುತ್ತಿದ್ದಾಗ. ಟಿಬ್ ಓದಿದರು. ಇನ್ನೊಮ್ಮೆ ಓದಿದರು. ಎದ್ದು ಕುರ್ಚಿಗಳನ್ನು ತಳ್ಳಿಕೊಂಡು ಆಲ್ಫ್ ಕೂತಲ್ಲಿಗೆ ಹೋಗಿ, ಅಷ್ಟು ಜನರ ಎದುರು, "ನಾನು ನಿಮ್ಮನ್ನು ಸುಳ್ಳುಗಾರ ಅಂದೆ. ಸುಳ್ಳು ಹೇಳಿದ್ದು ನೀವಲ್ಲ. ಕ್ಷಮಿಸಿ" ಅಂದು, ಅವನನ್ನು ಎಬ್ಬಿಸಿ ಎರಡೂ ಕೆನ್ನೆಗೆ ಮುತ್ತು ಕೊಟ್ಟರು. ಲಿಂಡ್ಸೆ, ಯಾರಾಪಿನ್ನಾದ ಹೋಟೆಲಿನಲ್ಲಿ. ಗಂಡಸಿಗೆ ಗಂಡಸು. ಆಲ್ಫ್‌ನ ಮುಖ ಇಟ್ಟಿಗೆಯ ಕೆಂಪಾಗಿ, ಕೈಯಲ್ಲಿ ಫೋರ್ಕು ಹಾಗೇ ಹಿಡಿದುಕೊಂಡು, "ಸರಿ ಬಿಡಪ್ಪ ಟಿಬ್, ಮೊಟ್ಟೆ ಆರ್ತಾ ಇದೆ" ಅಂದ. ಕೂತು ತಿಂದ. ತಟ್ಟೆ ಬಳಿದ. ಮೇಲೆ ಹೋಗಿ ಪೆಟ್ಟಿಗೆಯ ಹಗ್ಗ ಬಿಚ್ಚಿದ. ನಾನು ಅಡುಗೆಮನೆಗೆ ಓಡಿ ಎನಿಡ್‌ಗೆ ಫೋನು ಹಚ್ಚಿದೆ. ಇಬ್ಬರೂ ಮೂಗು ಒರೆಸಿಕೊಳ್ಳುತ್ತಾ ಮೂರು ನಿಮಿಷ ಕಳೆದೆವು.

ಈಗ ನನ್ನದು ಕೇಳು. ನಿನಗೆ ಉಗಿಯಲು ನನಗೆ ಮುಖವಿಲ್ಲ.

ಹಸಿರು ಪ್ರಿಂಟಿನ ಡಬ್ಬಿಯ ಜೊತೆ ಲ್ಯಾಬಿನ ಚೀಟಿಯೂ ಬಂದಿತ್ತು. ಕಾಗದಪತ್ರವೆಲ್ಲ ನನ್ನ ಕೈಗೆ ತಾನೇ ಬರುವುದು. ಅದರಲ್ಲಿ ಮುದುಕನ ಅಕ್ಷರದಲ್ಲಿ ಹೀಗಿತ್ತು: 'ಹುಲ್ಲು ಹಸಿರು, ಆಕಾಶ ತಗ್ಗಿಸಿ, ಎಲ್. ಟ್ರೆಥೆವಿ ಹೇಳಿದಂತೆ.' ಪ್ರದರ್ಶನ ಮುಗಿದ ಸಂಜೆಯೇ ನೋಡಿದೆ. ಟಿಬ್‌ಗೆ ತೋರಿಸಿದ್ದರೆ ಒಂದು ನಿಮಿಷದಲ್ಲಿ ಆಲ್ಫ್ ಪಾರಾಗುತ್ತಿದ್ದ. ನೀನು ಸಿಕ್ಕಿಬೀಳುತ್ತಿದ್ದೆ. ಮಡಿಚಿ ಜೇಬಿಗೆ ಹಾಕಿಕೊಂಡೆ. ಮೂವತ್ತೊಂದು ದಿನ ಅಲ್ಲೇ ಇತ್ತು. ದಿನಾ ಆಲ್ಫ್‌ನ ಪಕ್ಕ ನಿಂತು ಯಾರ ಟೋಪಿ ಯಾವ ಕಡೆ ಎಂದು ಬರೆದೆ. ನಿನಗೆ ಮಾತ್ರ ಕಾಗದದಲ್ಲಿ, ಏನಾದರೂ ಕೇಳಿದೆಯಾ, ಏನಾದರೂ ಕೇಳಿದೆಯಾ ಎಂದು ಸುತ್ತು ಹೊಡೆದೆ, ನೀನಾಗಿ ಹೇಳಲಿ ಎಂದು. ನೀನು ಕೆಮ್ಮಿನ ಕಥೆ ಬರೆದೆ. ಬುಧವಾರದವರೆಗೆ ಕಾಯುತ್ತೇನೆ, ಆಮೇಲೆ ಟಿಬ್‌ಗೆ ಚೀಟಿ ಕೊಡುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಕೊಡುತ್ತಿದ್ದೆನಾ? ಗೊತ್ತಿಲ್ಲ. ಬುಧವಾರವೇ ನಿನ್ನ ತಂತಿ ಬಂದು ನನ್ನನ್ನು ಉಳಿಸಿತು. ಆಲ್ಫ್‌ಗಿಂತ ಹೆಚ್ಚು ಉಸಿರು ಬಿಟ್ಟವಳು ನಾನು.

ಆ ಮಧ್ಯಾಹ್ನವೇ ಆಲ್ಫ್‌ಗೆ ಚೀಟಿ ಕೊಟ್ಟೆ, ಎಲ್ಲ ಹೇಳಿದೆ. ಓದಿ ವಾಪಸು ಕೊಟ್ಟು ಬೇಲಿಯ ಕಡೆ ನಡೆದುಹೋದ. ನಾಲ್ಕು ದಿನ 'ಎಷ್ಟನೇ ಟೇಕು' ಎನ್ನುವುದು ಬಿಟ್ಟು ಒಂದು ಮಾತಿಲ್ಲ. ಐದನೆಯ ದಿನ ಟೀ ಲೋಟ ತಂದು ನನ್ನ ಪಕ್ಕ ಇಟ್ಟ. "ಇರೋನು ಒಬ್ಬನೇ ಅಣ್ಣ ನಿಂಗೆ" ಅಂದ. ಸ್ವಲ್ಪ ಹೊತ್ತು ಬಿಟ್ಟು, "ಆದ್ರೂ ಇನ್ನೊಂದು ಸಲ ಹಾಗೆ ಮಾಡ್ಬೇಡ ಕಣೇ. ಭಾಳ ನೋವಾಗುತ್ತೆ" ಅಂದ. ಇಬ್ಬರೂ ಟೀ ಕುಡಿದೆವು.

ಹೊಸ ಪ್ರಿಂಟ್ ಶುಕ್ರವಾರ ಬಂತು. ಈವತ್ತು ಮಧ್ಯಾಹ್ನ ಮತ್ತೆ ಸಭಾಭವನದ ಕಿಟಕಿಗಳಿಗೆ ಕಂಬಳಿ. ಊರು ಮತ್ತೆ ಬಂತು, ಗೇಲಿ ಮಾಡಲು ಸಿದ್ಧವಾಗಿಯೇ. ದೀಪ ಆರಿತು. ಬಯಲು ಬಂತು, ಹಳದಿ, ಕಣ್ಣು ಚುಚ್ಚುವಷ್ಟು ಬೆಳಕು, ತೆರೆಯ ಮುಕ್ಕಾಲು ಭಾಗ ಆಕಾಶ. ಜನ ಕಣ್ಣು ಕಿರಿದು ಮಾಡಿಕೊಂಡು ನೋಡಿದರು, ಹೊರಗೆ ನಿಂತಿದ್ದೇವೇನೋ ಎಂಬಂತೆ. ಯಾರೂ ಗೇಲಿ ಮಾಡಲಿಲ್ಲ. ರೀಲು ಮುಗಿದ ಮೇಲೆ ಹಿಂದಿನ ಬೆಂಚಿನವನು ನಿಧಾನವಾಗಿ, "ಹೌದಪ್ಪ, ಇದೇ ನಮ್ಮೂರು. ಹಿಂಗೆ ಯಾರೂ ತೋರಿಸಿರ್ಲಿಲ್ಲ" ಅಂದ. ಇನ್ನೊಮ್ಮೆ ಹಾಕಿ ಎಂದರು. ಮೂರು ಸಲ ಹಾಕಿದೆವು. ಟಿಬ್ ಗೋಡೆಗೊರಗಿ, ತೆರೆ ಬಿಟ್ಟು ಜನರ ಮುಖವನ್ನೇ ನೋಡುತ್ತಿದ್ದರು.

ಹೊರಗೆ ಬಂದ ಮೇಲೆ ಆಲ್ಫ್‌ನನ್ನು ಕೇಳಿದೆ, ಲಿಂಡ್ಸೆಗೆ ಏನು ಬರೆಯಲಿ, ಅವನು ನಾಲ್ಕು ಹಾಳೆ ಹರಿದು ಕೂತಿದ್ದಾನೆ. ಆಲ್ಫ್ ಬಹಳ ಹೊತ್ತು ಪೈಪು ತುಂಬಿದ. ಆಮೇಲೆ ಹೇಳಿದ್ದನ್ನು, ಒಂದು ಮಾತೂ ಬಿಡದೆ ಬರೆ ಎಂದು ತಾಕೀತು ಮಾಡಿದ್ದಾನೆ, ಬರೆಯುತ್ತಿದ್ದೇನೆ:

"ಅವನು ನನ್ನ ಜೊತೆ ಡಬ್ಬಿ ಹೊತ್ಕೊಂಡು ಮೂರು ವರ್ಷ ತಿರುಗಿದ. ಮಳೆ ಬರೋವರೆಗೂ ನಾನು ಹಳ್ಳಿ ಕಡೆ ಕ್ಯಾಮೆರಾ ತಿರುಗಿಸ್ತಿರ್ಲಿಲ್ಲ. ಮಳೆ ಬಂದ್ರೆ ಹೊಳೆ ತಿರುವು ಹುಡುಕ್ತಿದ್ದೆ, ಹೊಳೆ ಇಲ್ಲದಿದ್ರೆ ಒಂದು ಮರ. ಒಣಗಿದ್ದು ಕಾಣ್ಬಾರ್ದು, ಲಂಡನ್ನಿನೋರು ನೋಡ್ತಾರೆ ಅಂತಿದ್ದೆ. ಆ ಹುಡುಗ ನನ್ನ ಪಕ್ಕಾನೇ ನಿಂತು ಕೇಳಿಸ್ಕೊಳ್ತಿದ್ದ. ನಾನು ಮೂವತ್ತು ವರ್ಷ ಹುಲ್ಲು ಹಸಿರು ಅಂತ ಹೇಳ್ದೆ, ಅವನು ಒಂದು ಸಲ ಹೇಳ್ದ. ಕ್ಷಮೆ ಗಿಮೆ ಏನೂ ಬರೆಯೋದು ಬೇಡ ಅನ್ನು."

ಇಷ್ಟು ಹೇಳಿ ಪೈಪು ಹಚ್ಚದೆಯೇ ಒಳಗೆ ಹೋದ. ನಾಲ್ಕನೆಯ ಸಲ ಹಾಕುತ್ತಿದ್ದಾರಂತೆ, ನೋಡಬೇಕಂತೆ. ನಾನೂ ಹೋಗುತ್ತೇನೆ.

ನಿನ್ನ ಏವಿಸ್